ಮುಲ್ಕಿಯಾ

ವಾದಿ ಕಬೀರಿನ ಬೋಳುಗುಡ್ಡದ ಬುಡದಲ್ಲಿ
ಜುಲೈ ಶುಕ್ರವಾರ, ಬೆಳಿಗ್ಗೆ ಏಳಕ್ಕೇ ಬಿಸಿಲು
ಸಾಲಾಗಿ ನಿಂತ ಹಳೆ ಕಾರುಗಳ ನೆತ್ತಿ ಮುಟ್ಟಿ
ತಾನೇ ಕೈ ಸುಟ್ಟುಕೊಂಡಿದೆ.

ಚೀಲದಲ್ಲಿ ಸಾವಿರದೆಂಟುನೂರು ರಿಯಾಲು:
ಡಯಾಲಿಸಿಸ್ ಯಂತ್ರದ ಪಕ್ಕ ಕಾದ ಎರಡು ವರ್ಷದ ರಾತ್ರಿ.
ಜೊತೆಗೆ ನಾಲ್ಕನೇ ಸಲಕ್ಕೆ ಸಿಕ್ಕ ಲೈಸೆನ್ಸು.
ಮೂರು ಸಲ ಡ್ರಮ್ಮಿಗೆ ತಾಗಿಸಿದ್ದೆ, ನಿಜ.
ಏರಿನಲ್ಲಿ ಒಮ್ಮೆಯೂ ಹಿಂದಕ್ಕೆ ಜಾರಲಿಲ್ಲ,
ಅದನ್ನು ಯಾರೂ ಕೇಳುವುದಿಲ್ಲ.

ಇದಿನಬ್ಬ ಬಂದಿದ್ದಾರೆ, ಉಳ್ಳಾಲದವರು,
ಇಲ್ಲಿ ಮೂವತ್ತೊಂದು ವರ್ಷ ಸ್ಪ್ಯಾನರು ಹಿಡಿದವರು.
ಜುಮ್ಮಾಕ್ಕೆ ಮೊದಲು ಮುಗಿಸಬೇಕು.
"ಸೆವ್ರಿನ್ ಬಾಯಿ, ಕಣ್ಣು ಮನೆಯಲ್ಲಿಟ್ಟು ಬನ್ನಿ,
ಕಿವಿ ಮೂಗು ಸಾಕು" ಅಂದಿದ್ದರು ಫೋನಿನಲ್ಲಿ.
ನಾನು ಕಣ್ಣನ್ನೇ ತಂದಿದ್ದೆ.

ಮೊದಲನೆಯದು ಕೆಂಪು. ಅದರ ಬಾಗಿಲಲ್ಲಿ
ನನ್ನ ಮುಖ ಐದು ವರ್ಷ ಚಿಕ್ಕದು.
ಅವರು ಡಿಕ್ಕಿಯ ರಬ್ಬರು ಎತ್ತಿ ಉಗುರಿನಿಂದ ಕೆರೆದರು.
ಕೆಂಪಿನಡಿ ಬಿಳಿ, ಬಿಳಿಯಡಿ ಪುಟ್ಟಿ.
"ಇದು ಇದಕ್ಕೆ ಎರಡನೇ ಮದುವೆ.
ಮೊದಲನೆಯದರ ವಿಷಯ ಈ ಸಾಲಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ."

ಮುಂದಿನದು ಗುಡ್ಡ ಹತ್ತುವ ದೈತ್ಯ.
ಘುಬ್ರಾದಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಘುಬ್ರಾ,
ವಾರಕ್ಕೊಮ್ಮೆ ರೂವಿಯ ಇಗರ್ಜಿ, ಬರುವಾಗ ಒಂದು ಚೀಲ ಕುಚ್ಚಲಕ್ಕಿ,
ಇಷ್ಟಕ್ಕೆ ಏಳು ಸೀಟು ಯಾಕೆ?
ಖಾಲಿ ಸೀಟೂ ಪೆಟ್ರೋಲು ಕುಡಿಯುತ್ತದೆ.
ಆಮೇಲೊಂದು ಪುಟಾಣಿ, ಬಹಳ ಅಗ್ಗ.
ಪಕ್ಕದಲ್ಲಿ ಟ್ರೇಲರು ಹಾದರೆ ಜಪಮಾಲೆ ಹಿಡಿಯಬೇಕು.

ನನಗೆ ಬೇಕಾದದ್ದು ನಡುವಿನದು,
ನನ್ನಂಥದ್ದು:
ಹೆಚ್ಚು ಜಾಗ ಕೇಳದ,
ತನ್ನ ಜಾಗ ಬಿಟ್ಟುಕೊಡದ.

ಸಾಲಿನ ಕೊನೆಗೆ, ಬೇಲಿಯ ನೆರಳಿನಲ್ಲಿ
ಬೂದು ಬಣ್ಣದ ಸೆಡಾನು.
ಒಂದು ಲಕ್ಷದ ಅರವತ್ತೆಂಟು ಸಾವಿರ ಕಿಲೋಮೀಟರು,
ಬಿಸಿಲಿಗೆ ಬಿರಿದ ಡ್ಯಾಶ್‌ಬೋರ್ಡು.
ಮಾಲೀಕ ಬಾಬಿಕರ್, ಸೂಡಾನಿನ ಗಣಿತದ ಮೇಷ್ಟ್ರು,
ಕೆಲಸ ಮುಗಿಸಿ ಹೊರಟವರು.
ನಾವು ಏನನ್ನೂ ಕೇಳಿರಲಿಲ್ಲ. ಅವರೇ ಶುರುಮಾಡಿದರು:
"ಸಿಗ್ನಲಿನಲ್ಲಿ ನಿಂತರೆ ಏಸಿ ಬಿಸಿ ಉಸಿರು ಬಿಡುತ್ತದೆ,
ಹೊರಟರೆ ಸರಿಯಾಗುತ್ತದೆ.
ಹಿಂದಿನ ಗಾಜು ಒಂದು ಅರ್ಧಕ್ಕೇ ನಿಲ್ಲುತ್ತದೆ.
ಈ ಗೀರು ನನ್ನ ಮಗಳದ್ದು, ಸೈಕಲ್ಲು ಕಲಿಯುವಾಗ."

ಇದಿನಬ್ಬ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ
ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದರು.
ನನಗೆ ಗೊತ್ತು ಆ ಮುಖ.
ರೋಗಿಯ ತೋಳಿನ ಫಿಸ್ಟುಲಾ ಮೇಲೆ ಬೆರಳಿಟ್ಟು
ಒಳಗಿನ ಜುಮ್ಮು ಸರಿಯಿದೆಯೇ ಎಂದು ಕಾಯುವಾಗ
ನಾನೂ ಹೀಗೇ ನಿಲ್ಲುತ್ತೇನೆ.
ಎಣ್ಣೆಕಡ್ಡಿ ಎಳೆದರು, ಮೂಸಿದರು, ಒರೆಸಿ ಒಳಗಿಟ್ಟರು.
ಏನೂ ಅನ್ನಲಿಲ್ಲ.
ಅವರು ಸುಮ್ಮನಾದದ್ದು ಅವತ್ತು ಅದೇ ಮೊದಲು.

ಮನೆಯ ಕೊಂಕಣಿಯಲ್ಲಿ ಅಲ್ಲ, ಶಾಲೆಯ ಕನ್ನಡದಲ್ಲಿ
ಮೆಚ್ಚುವುದಕ್ಕೂ ನೆಚ್ಚುವುದಕ್ಕೂ ಒಂದೇ ಅಕ್ಷರದ ದೂರ.
ಕಾಪಿ ಬರೆಯುವಾಗ ನಾನು ಅದಲುಬದಲು ಮಾಡಿ
ಬೆತ್ತದ ಏಟು ತಿಂದಿದ್ದೆ.
ಕೆಂಪಿನ ಕಡೆ ಇನ್ನೊಮ್ಮೆ ತಿರುಗಿ ನೋಡಿದೆ,
ಸುಳ್ಳು ಯಾಕೆ.

ಸಾವಿರದ ಏಳುನೂರೈವತ್ತು ಅಂದರು ಮೇಷ್ಟ್ರು.
ಚೌಕಾಸಿಗೆ ಹೆಸರಾದ ಇದಿನಬ್ಬ ಇಪ್ಪತ್ತೈದೇ ಇಳಿಸಿದರು,
ಅರ್ಧದ ಗಾಜಿನ ಲೆಕ್ಕಕ್ಕೆ.
"ನಿಜ ಹೇಳಿದವನ ಹತ್ತಿರ ಎಷ್ಟು ಅಂತ ಕೇಳುವುದು ಬಾಯಿ?"

ಭಾನುವಾರ ಕಚೇರಿಯಲ್ಲಿ ಕಾಗದ ಕೈಬದಲಾಯಿತು.
ಮುಲ್ಕಿಯಾ ಅನ್ನುತ್ತಾರೆ ಆ ಕಾರ್ಡಿಗೆ.
ಮೂಲ್ಕಿ ನನಗೆ ಗೊತ್ತು, ಅಜ್ಜಿಮನೆಗೆ ಬಸ್ಸು ಬದಲಿಸುವ ಊರು.
ಇಲ್ಲಿ ಅದಕ್ಕೊಂದು ಬಾಲ ಹಚ್ಚಿ
ನನ್ನ ಹೆಸರು ಬರೆದು ಕೊಟ್ಟರು.
ಬೀಗದ ಕೈ ಇಟ್ಟು, ಬಾನೆಟ್ಟು ತಟ್ಟಿ
ಮೇಷ್ಟ್ರು ಅರಬ್ಬಿಯಲ್ಲಿ ಏನೋ ಅಂದರು.
ಏನಂತೆ, ಕೇಳಿದೆ.
"ಅದು ಕಾರಿಗೆ ಹೇಳಿದ್ದು" ಅಂದರು ಇದಿನಬ್ಬ.

ಮಧ್ಯಾಹ್ನ. ನಾನೊಬ್ಬಳೇ.
ಘುಬ್ರಾದ ತಿರುವಿನಲ್ಲಿ ಸಿಗ್ನಲು ಬಿತ್ತು.
ಮುಖದ ಮೇಲೆ ಬಿಸಿ ಉಸಿರು ಬಂತು,
ಕೊಟ್ಟ ಮಾತಿನಂತೆ.